ಫೆಮ್ಟೋಸೆಕೆಂಡ್ ಅಳೆಯುವುದು ಗಡಿಯಾರವಲ್ಲ, ಕನ್ನಡಿ

ಪ್ರಶ್ನೆ: ಎಲೆಯೊಳಗೆ ಶಕ್ತಿ ಒಂದು ಅಣುವಿನಿಂದ ಪಕ್ಕದ ಅಣುವಿಗೆ ಪಿಕೋಸೆಕೆಂಡಿನೊಳಗೇ (ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲೊಂದು) ದಾಟಬಹುದು ಅಂತಾರೆ. ಅಷ್ಟು ಚುರುಕಾದ ಡಿಟೆಕ್ಟರೇ ಇಲ್ಲವಲ್ಲ, ಮತ್ತೆ ಅಳೆಯುವುದು ಹೇಗೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಾಮಾನ್ಯ ಫೋಟೋಡಯೋಡ್ ನ್ಯಾನೋಸೆಕೆಂಡಿನ (ಸಾವಿರ ಪಿಕೋಸೆಕೆಂಡ್) ಹತ್ತಿರವೇ ಕೈಚೆಲ್ಲುತ್ತದೆ. ಹಾಗಾಗಿ ಕಾಲ ಅಳೆಯುವ ಕೆಲಸವನ್ನು ಅದಕ್ಕೆ ಕೊಡುವುದೇ ಇಲ್ಲ. ಎಷ್ಟು ಬೆಳಕು ಬಂತು ಅಂತ ಹೇಳಿದರೆ ಸಾಕು. ಕಾಲವನ್ನು ದೂರವಾಗಿ ಅಳೆಯುತ್ತಾರೆ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿ.ಮೀ. ಬೆಳಕಿಗೆ 67 ಮೈಕ್ರೋಸೆಕೆಂಡಿನ ದಾರಿ. ಫೆಮ್ಟೋಸೆಕೆಂಡ್ ಅಂದರೆ ಪಿಕೋಸೆಕೆಂಡಿನ ಸಾವಿರದಲ್ಲೊಂದು ಭಾಗ. ಅದೇ ಬೆಳಕು 100 ಫೆಮ್ಟೋಸೆಕೆಂಡಿನಲ್ಲಿ ಹೋಗುವುದು ಬರೀ 0.03 ಮಿ.ಮೀ. ಅಷ್ಟು ದೂರವನ್ನು ಮೋಟಾರಿನಿಂದ ಆರಾಮಾಗಿ ಸರಿಸಬಹುದು, ಅಲ್ವಾ?

ಲೇಸರಿನ ಒಂದು ಪಲ್ಸನ್ನು, ಅಂದರೆ ಕ್ಷಣಮಾತ್ರದ ಬೆಳಕಿನ ತುಣುಕನ್ನು, ಎರಡಾಗಿ ಒಡೆಯುತ್ತಾರೆ. ಮೊದಲನೆಯದು ಪಂಪ್, ಅಣುವಿಗೆ ಶಕ್ತಿ ತುಂಬುತ್ತದೆ. ಎರಡನೆಯದು ಪ್ರೋಬ್, ಹಿಂದೆಯೇ ಬಂದು ಅಣುವಿನ ಸ್ಥಿತಿ ನೋಡುತ್ತದೆ. ಪ್ರೋಬಿನ ದಾರಿಯಲ್ಲಿರುವ ಕನ್ನಡಿಯನ್ನು 0.015 ಮಿ.ಮೀ. ಹಿಂದಕ್ಕೆ ಸರಿಸಿ. ಬೆಳಕು ಹೋಗಿ ಬರಬೇಕು, ಆದ್ದರಿಂದ ದಾರಿ ಅದರ ಎರಡರಷ್ಟು ಉದ್ದವಾಗುತ್ತದೆ, ಪ್ರೋಬ್ 100 ಫೆಮ್ಟೋಸೆಕೆಂಡ್ ತಡವಾಗುತ್ತದೆ. ಹೀಗೆ ಕನ್ನಡಿ ಸರಿಸುತ್ತಾ, ಪ್ರತಿ ಜಾಗದಲ್ಲೂ ಸಾವಿರಾರು ಪಲ್ಸುಗಳ ಸರಾಸರಿ ತೆಗೆದು, ಚುಕ್ಕಿ ಚುಕ್ಕಿಯಾಗಿ ಗ್ರಾಫ್ ಕಟ್ಟುತ್ತಾರೆ. ಪಲ್ಸ್ ಮಾತ್ರ ಆ ಘಟನೆಗಿಂತ ಚಿಕ್ಕದಿರಬೇಕು. ಇಂಥ ಪಲ್ಸುಗಳಿಂದ ರಾಸಾಯನಿಕ ಕ್ರಿಯೆಗಳನ್ನು ನಡೆಯುವಾಗಲೇ ಹಿಡಿದದ್ದಕ್ಕೆ ಅಹ್ಮದ್ ಜವೈಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು.

ಈಗ ಬ್ಯಾಡಗಿ ಮೆಣಸಿನ ಗಿಡದ ಎಲೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಎಲೆಗೆ ಹಸಿರು ಕೊಡುವ ಕ್ಲೋರೋಫಿಲ್‌ನ ಎ, ಬಿ ಎರಡೂ ಬಗೆಗಳು ಒತ್ತೊತ್ತಾಗಿವೆ. ಪಂಪ್ ಬೆಳಕಿನ ತರಂಗದ ಉದ್ದವನ್ನು, ಅಂದರೆ ಬಣ್ಣವನ್ನು, 650 ನ್ಯಾನೋಮೀಟರಿನ ಹತ್ತಿರ ಇಟ್ಟರೆ ಮುಖ್ಯವಾಗಿ ಬಿ ಶಕ್ತಿ ಹೀರುತ್ತದೆ. ಶಕ್ತಿ ತುಂಬಿಕೊಂಡ ಅಣು ಅದೇ ಬಣ್ಣದ ಬೆಳಕನ್ನು ಮತ್ತೆ ಮೊದಲಿನಷ್ಟು ಹೀರುವುದಿಲ್ಲ. ಆದ್ದರಿಂದ ಅಲ್ಲಿ ಪ್ರೋಬ್ ಜಾಸ್ತಿ ದಾಟಿ ಬರುತ್ತದೆ. ಕನ್ನಡಿ ಸರಿಸಿದಂತೆ 650ರ ಆ ಗುರುತು ಇಳಿಯುತ್ತದೆ, 675ರ ಸುತ್ತ ಎ-ಯ ಗುರುತು ಏರುತ್ತದೆ. ಒಂದು ಇಳಿದ ಲಯದಲ್ಲೇ ಇನ್ನೊಂದು ಏರಿದರೆ ಶಕ್ತಿ ದಾಟಿದೆ ಎನ್ನಲು ಬಲವಾದ ಸಾಕ್ಷಿ. ಬರೀ ಇಳಿತ ನೋಡಿ ಹಾಗೆ ಹೇಳಿದರೆ ನಾನಂತೂ ನಂಬುವುದಿಲ್ಲ. ಶಕ್ತಿ ಸುಮ್ನೆ ಬಿಸಿಯಾಗಿಯೂ ಹೋಗಿರಬಹುದು.

ಇನ್ನೊಂದು ಮೋಸವಿದೆ. ಪಂಪ್ ಜೋರಾದರೆ ಒಂದೇ ಗುಂಪಿನ ಎರಡು ಅಣುಗಳಿಗೆ ಒಟ್ಟಿಗೆ ಶಕ್ತಿ ತುಂಬುತ್ತದೆ. ಅವೆರಡು ಎದುರಾದರೆ ಒಂದರ ಶಕ್ತಿ ಹಾಳಾಗುತ್ತದೆ. ಗ್ರಾಫ್ ಬೇಗ ಇಳಿಯುತ್ತದೆ, ವರ್ಗಾವಣೆ ಭಾರೀ ವೇಗ ಅಂತ ಖುಷಿಪಡುತ್ತೇವೆ. ಪಂಪನ್ನು ಅರ್ಧಕ್ಕಿಳಿಸಿ ಮತ್ತೆ ಅಳೆಯಿರಿ. ಇಳಿಯುವ ವೇಗ ಬದಲಾದರೆ ಮೊದಲಿನ ಅಂಕಿಯನ್ನು ಥೀಸಿಸ್ಸಿಗೆ ಹಾಕಬೇಡಿ.