ಪಲ್ಪರ್ ಓಡಿದರೆ ನೆಟ್ ಯಾಕೆ ತೆವಳುತ್ತದೆ?

ಮೂಡಿಗೆರೆ ಕಡೆ ಗೆಳೆಯರೊಬ್ಬರ ತೋಟಕ್ಕೆ ಹೋಗಿದ್ದೆ. ಕಾಫಿ ಹಣ್ಣು ಕೊಯ್ಲಿನ ಸಮಯ. ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಅಲ್ಲಿ ಪಲ್ಪರ್ ಅನ್ನುತ್ತಾರೆ. ಅವರ ದೂರು ಒಂದೇ: “ಸಂಜೆ ಪಲ್ಪರ್ ಶುರು ಮಾಡಿದ್ರೆ ಸಾಕು ಮಾರಾಯ್ರೆ, ಆಫೀಸಲ್ಲಿ ನೆಟ್ ತೆವಳುತ್ತೆ.” ನೆಟ್ ಕೊಟ್ಟವರಿಗೆ ಬೈದದ್ದೂ ಆಗಿತ್ತು. ಆದರೆ ಮನೆಯ ರೌಟರ್ ಪಕ್ಕ ಕೂತು ನೋಡಿದರೆ ವೇಗ ಸರಿಯಾಗಿಯೇ ಇತ್ತು. ಕಳ್ಳ ಇದ್ದದ್ದು ಮನೆಯಿಂದ ಆಫೀಸಿಗೆ ಎಳೆದ ಕೇಬಲ್‌ನಲ್ಲಿ. ಅದು ಪಲ್ಪರ್ ಮೋಟರಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಹಾದುಹೋಗಿತ್ತು.

ಮೋಟರಿಗೆ ವೇಗ ಹೊಂದಿಸುವ ಡ್ರೈವ್ ಇತ್ತು. ಅದು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕೊಡುತ್ತದೆ. ಆ ಪೆಟ್ಟುಗಳ ಗಲಾಟೆ ಪಕ್ಕದ ತಂತಿಗೂ ದಾಟುತ್ತದೆ. ಗಲಾಟೆಯಲ್ಲಿ ಕೆಟ್ಟ ಡೇಟಾವನ್ನು ಕಂಪ್ಯೂಟರ್ ಎಸೆದುಬಿಡುತ್ತದೆ. ಅದನ್ನೇ ಮತ್ತೆ ತರಿಸಿಕೊಳ್ಳಬೇಕು. ನಮಗೆ ಕಾಣುವುದು ಬರೀ ‘ಸ್ಲೋ’.

ಹಾಗಾದರೆ ಕೇಬಲ್‌ಗೆ ರಕ್ಷಣೆಯೇ ಇಲ್ವಾ? ಇದೆ. ಒಳಗಿನ 8 ತಂತಿಗಳು ಎರಡೆರಡಾಗಿ ಹುರಿ ಹೊಸೆದಂತೆ ಸುತ್ತಿಕೊಂಡಿರುತ್ತವೆ. ಒಂದು ಜೋಡಿಯ ಎರಡು ತಂತಿಗಳಲ್ಲಿ ಸಿಗ್ನಲ್ ಒಂದಕ್ಕೊಂದು ಉಲ್ಟಾ ಹೋಗುತ್ತದೆ. ಆಚೆ ತುದಿ ನೋಡುವುದು ಎರಡರ ವ್ಯತ್ಯಾಸವನ್ನು ಮಾತ್ರ. ತಕ್ಕಡಿಯ ಎರಡೂ ತಟ್ಟೆಯಲ್ಲಿ ಗೋಣಿಚೀಲ ಇದೆ ಅಂದುಕೊಳ್ಳಿ. ಮಳೆಗೆ ಎರಡೂ ಒಂದೇ ಸಮ ನೆನೆದರೆ ತಕ್ಕಡಿ ಅಲುಗದು. ಒಂದೇ ಚೀಲ ಸೂರಿನ ನೀರು ಬೀಳುವಲ್ಲಿದ್ದರೆ ಲೆಕ್ಕ ತಪ್ಪುತ್ತದೆ. ತಂತಿಯನ್ನು ಸುತ್ತುವುದು ಅಂದರೆ ಆ ಚೀಲಗಳ ಜಾಗವನ್ನು ಮತ್ತೆ ಮತ್ತೆ ಅದಲುಬದಲು ಮಾಡಿದಂತೆ. ಗ್ರಹಾಂ ಬೆಲ್ ಈ ಉಪಾಯಕ್ಕೆ 1881ರಲ್ಲೇ ಪೇಟೆಂಟ್ ಪಡೆದಿದ್ದರು, ಟೆಲಿಫೋನ್ ತಂತಿಗಾಗಿ!

ಇನ್ನೊಂದು ಜಾಣತನವೂ ಇದೆ. ನಾಲ್ಕೂ ಜೋಡಿಗಳ ಸುತ್ತು ಒಂದೇ ಬಿಗಿಯಲ್ಲಿರುವುದಿಲ್ಲ. ಇದ್ದಿದ್ದರೆ ಒಂದು ಜೋಡಿಯ ಮಾತು ಪಕ್ಕದ ಜೋಡಿಗೆ ಕೇಳಿಬಿಡುತ್ತಿತ್ತು.

ಗೆಳೆಯರ ಕೇಬಲ್ ‘ಕ್ಯಾಟ್ 5ಇ’ ಎಂಬ ದರ್ಜೆಯದು. ಒಂದು ಗಿಗಾಬಿಟ್ ವೇಗಕ್ಕೆ ಧಾರಾಳ ಸಾಕು. ಆದರೆ ಪ್ಲಗ್ ಬಿಚ್ಚಿ ನೋಡಿದೆ. ಹಾಕಿದವನು ಚಂದ ಕಾಣಲಿ ಅಂತ ಎರಡು ಇಂಚಿನಷ್ಟು ಸುತ್ತು ಬಿಡಿಸಿ, ಬಾಚಿದ ಕೂದಲಿನ ಹಾಗೆ ನೀಟಾಗಿ ಜೋಡಿಸಿದ್ದ. ನಿಯಮದ ಪ್ರಕಾರ ಬಿಡಿಸಬಹುದಾದದ್ದು 13 ಮಿಲಿಮೀಟರ್, ಅಂದರೆ ಅರ್ಧ ಇಂಚು. ಅಮೆರಿಕದಲ್ಲಿ ಕಟ್ಟಡಗಳ ಕೇಬಲ್‌ಗೆ 1991ರಲ್ಲಿ ಬಂದ 568 ಎಂಬ ಮಾನದಂಡದ ಬಗ್ಗೆ ಕೇಳಿದರೆ, ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಬಣ್ಣಗಳ ಸಾಲು ಮಾತ್ರ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು... ಬಾಯಿಪಾಠ. ಅರ್ಧ ಇಂಚಿನ ಮಾತು ಯಾರಿಗೂ ನೆನಪಿರಲ್ಲ.

ಎರಡೂ ತುದಿಗೆ ಹೊಸ ಪ್ಲಗ್ ಹಾಕಿ, ಕೇಬಲ್‌ಗೆ ಬೇರೆ ಪೈಪ್ ಮಾಡಿಸಿದೆವು. ಪಲ್ಪರ್ ಓಡುತ್ತಿದ್ದಾಗಲೇ ನೋಡಿದೆವು, ನೆಟ್ ಕದಲಲಿಲ್ಲ.

ಖುಷಿಯಲ್ಲಿ ಗೆಳೆಯರು ಕಾಫಿ ಒಣಗಿಸುವ ಕಣಕ್ಕೂ ಇದೇ ಕೇಬಲ್ ಎಳೆದು ಕ್ಯಾಮೆರಾ ಹಾಕೋಣ ಅಂದರು. ಅಳೆದರೆ 140 ಮೀಟರ್. ಈ ತಾಮ್ರದ ಮಿತಿ 100. ಅಲ್ಲಿಗೆ ಫೈಬರ್ರೇ ಬೇಕು. ಅದರಲ್ಲಿ ಹೋಗುವುದು ಬೆಳಕು, ಮೋಟರಿನ ಗಲಾಟೆ ಅದಕ್ಕೆ ತಟ್ಟುವುದೇ ಇಲ್ಲ. “ಹಂದಿ ಅಗೆದು ಕಡಿದು ಹಾಕಿದ್ರೆ?” ಅಂದರು. ಅದಕ್ಕೆ ಎರಡೂವರೆ ಅಡಿ ಆಳ ತೋಡಿಸಲು ಹೇಳಿ ಬಂದಿದ್ದೇನೆ.