ಓದುಗರ ಪ್ರಶ್ನೆ: ಬಣ್ಣ ಬಂದರೂ ಕ್ಯಾರಮೆಲ್ ಗಟ್ಟಿಯಾಗದೇಕೆ?

"ಮಿಲಿಯನೇರ್ಸ್ ಶಾರ್ಟ್‌ಬ್ರೆಡ್ ಮಾಡಿದೆ, ಕ್ಯಾರಮೆಲ್‌ಗೆ ಒಳ್ಳೆಯ ಕಂದು ಬಣ್ಣ ಬಂದಿತ್ತು, ಆದರೂ ಕತ್ತರಿಸಿದೊಡನೆ ನಡುವಿನ ಪದರವೆಲ್ಲ ತಟ್ಟೆಗೆ ಹರಿಯಿತು, ಏಕೆ?" ಸ್ಕಾಟ್ಲೆಂಡಿನ ಈ ಮೂರು ಪದರದ ಬಿಸ್ಕತ್ತಿನ ಕುರಿತ ಈ ಪ್ರಶ್ನೆ ಕ್ರಿಸ್‌ಮಸ್ ಸಮೀಪಿಸಿದಾಗಲೆಲ್ಲ ತಪ್ಪದೆ ಬರುತ್ತದೆ. ಉತ್ತರ ಚಿಕ್ಕದು: ನಿಮ್ಮ ಕ್ಯಾರಮೆಲ್‌ನಲ್ಲಿ ನೀರು ಉಳಿದಿದೆ. ಆದರೆ ಹಾಗೆಂದೊಡನೆ "ಬಣ್ಣ ಬಂದಿತ್ತಲ್ಲ?" ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತದೆಯಾದ್ದರಿಂದ, ಈ ಬಾರಿ ಬಣ್ಣದ ವಿಚಾರವನ್ನೇ ಮೊದಲು ಇತ್ಯರ್ಥ ಮಾಡುತ್ತೇನೆ.

ಬಣ್ಣಕ್ಕೂ ಗಟ್ಟಿತನಕ್ಕೂ ಸಂಬಂಧವಿಲ್ಲ. ಬರಿಯ ಸಕ್ಕರೆ ಕಂದಾಗಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಕಂಡೆನ್ಸ್ಡ್ ಮಿಲ್ಕ್, ಬೆಣ್ಣೆ, ಸಕ್ಕರೆ ಸೇರಿಸಿ ಕುದಿಸುವ ನಮ್ಮ ಮಿಶ್ರಣವಾದರೋ 115ರ ಆಸುಪಾಸಿನಲ್ಲೇ ಒಲೆಯಿಂದ ಇಳಿಯುತ್ತದೆ. ಹಾಗಾದರೆ ಆ ಕಂದು ಎಲ್ಲಿಂದ ಬಂತು? ಹಾಲಿನ ಪ್ರೋಟೀನು ಮತ್ತು ಸಕ್ಕರೆಗಳ ನಡುವೆ ನಡೆಯುವ, 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ ವಿವರಿಸಿದ ಕ್ರಿಯೆಯಿಂದ. ಉರಿ ಜೋರಾಗಿದ್ದರೆ ಪಾತ್ರೆಯ ತಳದಲ್ಲಿ ಅದು ಬೇಗನೆ ನಡೆದು, ಸೌಟಿನೊಡನೆ ಮೇಲೆ ಬಂದು, ಒಳಗಿನ ನೀರು ಹಾಗೆಯೇ ಇರುವಾಗಲೇ ಇಡೀ ಮಿಶ್ರಣವನ್ನು ಕಂದಾಗಿಸುತ್ತದೆ. ಇನ್ನು ಬ್ರೌನ್ ಶುಗರ್ ಬಳಸುವವರಿಗೆ ಒಲೆ ಹಚ್ಚುವ ಮೊದಲೇ ಬಣ್ಣ ಬಂದಿರುತ್ತದೆ. ಅದನ್ನೂ ಬೆಂದದ್ದು ಎನ್ನೋಣವೇ? ಸಕ್ಕರೆಯನ್ನು ಒಣದಾಗಿ ಕರಗಿಸಿ ಕಡುಗೆಂಪಾದ ಮೇಲೆ ಕ್ರೀಮ್ ಸುರಿಯುವವರದ್ದೂ ಇದೇ ಕಥೆ: ಪೊಟ್ಟಣದ ಕ್ರೀಮಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೀರೇ ಇರುವುದರಿಂದ, ಬಣ್ಣ ಎಷ್ಟೇ ಗಾಢವಾಗಿದ್ದರೂ ಆ ಹೊತ್ತಿಗೆ ಸಿಗುವುದು ಐಸ್‌ಕ್ರೀಮಿನ ಮೇಲೆ ಸುರಿಯುವ ಸಾಸ್ ಮಾತ್ರ. ಅತ್ತ ಕೊಬ್ಬರಿ ಮಿಠಾಯಿ ಬೆಳ್ಳಗಿದ್ದೂ ಅಚ್ಚುಕಟ್ಟಾಗಿ ತುಂಡಾಗುತ್ತದೆ. ಇದನ್ನು ಮಾಡಬಲ್ಲವರೇ ಕ್ಯಾರಮೆಲ್ ಎಂದಾಕ್ಷಣ ಪಾಕವನ್ನು ಮರೆತು ಬಣ್ಣ ನೋಡುತ್ತಾ ನಿಲ್ಲುವುದು ನನಗೆ ಇಂದಿಗೂ ಅರ್ಥವಾಗಿಲ್ಲ.

ನೋಡಬೇಕಾದುದು ಉಷ್ಣತೆಯನ್ನು. ನೀರು ಆವಿಯಾದಷ್ಟೂ ಸಕ್ಕರೆಯ ಸಾಂದ್ರತೆ ಹೆಚ್ಚಿ ಕುದಿಬಿಂದು ಏರುತ್ತದೆ. ಆದ್ದರಿಂದ ಥರ್ಮಾಮೀಟರಿನ ಅಂಕಿಯೆಂದರೆ ಉಳಿದಿರುವ ನೀರಿನ ಲೆಕ್ಕವೇ. 112ರಿಂದ 115ರೊಳಗೆ ಇಳಿಸಿದರೆ ಪದರ ಮೆತ್ತಗಿದ್ದೂ ಹರಿಯುವುದಿಲ್ಲ. 118 ದಾಟಿದರೆ ಅಗಿಯುವ ಟಾಫಿಯಾಗುತ್ತದೆ. ಥರ್ಮಾಮೀಟರ್ ಇಲ್ಲದವರು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಲಿ. ಮೃದುವಾದ ಉಂಡೆ ಕಟ್ಟಿದರೆ ಸರಿ. 20 ಸೆಂಟಿಮೀಟರಿನ ಚೌಕ ತಟ್ಟೆಗೆ 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್, ತಲಾ 150 ಗ್ರಾಂ ಬೆಣ್ಣೆ ಮತ್ತು ಸಕ್ಕರೆ, ಹರಳುಗಟ್ಟದಂತೆ ಎರಡು ದೊಡ್ಡ ಚಮಚ ಲಿಕ್ವಿಡ್ ಗ್ಲೂಕೋಸ್ ಸಾಕು. ಕೈಯಾಡಿಸಬಾರದೆಂಬ ನಿಯಮ ಬರಿಯ ಸಕ್ಕರೆ ನೀರಿನ ಪಾಕಕ್ಕೆ ಸೇರಿದ್ದು. ಇಲ್ಲಿ ಬಿಡದೆ ಕೈಯಾಡಿಸಬೇಕು. ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆ ಗಟ್ಟಿಯಾಗುತ್ತದೆಯೇ ಹೊರತು ನೀರು ಹೋಗುವುದಿಲ್ಲ, ಹೊರಗಿಟ್ಟೊಡನೆ ಪುನಃ ಹರಿಯುತ್ತದೆ.

ಯಾರೂ ಕೇಳದಿದ್ದರೂ ಊರಿನ ಎತ್ತರದ ವಿಷಯವನ್ನೂ ಹೇಳಿಬಿಡುತ್ತೇನೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಥರ್ಮಾಮೀಟರ್ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಬೇಕಾಗಿಲ್ಲ. ಬೇರೆ ದೇಶದ ಪಾಕವಿಧಾನಗಳ ಅಂಕಿಗಳು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದುವಂಥವು. ಮೊದಲು ಬರಿಯ ನೀರು ಕುದಿಸಿ, ಥರ್ಮಾಮೀಟರ್ 100ಕ್ಕಿಂತ ಎಷ್ಟು ಕಡಿಮೆ ತೋರಿಸುತ್ತದೆಯೋ ಅಷ್ಟನ್ನೇ ಪಾಕವಿಧಾನದ ಅಂಕಿಯಿಂದ ಕಳೆಯಿರಿ: 114 ಎಂದಿದ್ದರೆ ಬೆಂಗಳೂರಿನವರು 111ಕ್ಕೇ ಒಲೆ ಆರಿಸಬೇಕು.