ಎಂಎಸ್‌ಡಬ್ಲ್ಯು ಸೇರಲು ಅನುಭವ ಬೇಕೇ? ಪ್ರಶ್ನೆಯ ಹಿನ್ನೆಲೆ ಮತ್ತು ಕಾಸರಗೋಡು

ಪದವಿ ಮುಗಿಸಿದ ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿಗೆ (ಎಂಎಸ್‌ಡಬ್ಲ್ಯು) ಅರ್ಜಿ ಹಾಕಲು ಹೊರಟಾಗ, ಮೊದಲೇ ಎಲ್ಲಿಯಾದರೂ ಕೆಲಸ ಮಾಡಿರಬೇಕೇ ಎಂಬ ಸಂಶಯ ಅವರಿಗೂ ಮನೆಯವರಿಗೂ ಏಳುತ್ತದೆ. ಮಂಗಳೂರಿನಲ್ಲಾಗಲಿ, ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಾಗಲಿ, ಎಂಎಸ್‌ಡಬ್ಲ್ಯುಗೆ ಮುಖ್ಯವಾಗಿ ಬೇಕಾದದ್ದು ಪದವಿ ಮತ್ತು ಅದರಲ್ಲಿ ನಿಗದಿತ ಅಂಕ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಾದರೋ ಇದೇ ವ್ಯಾಸಂಗಕ್ಕೆ ಬರುವವರಲ್ಲಿ ಆರೈಕೆಯ ಅಥವಾ ಸ್ವಯಂಸೇವೆಯ ಅನುಭವವನ್ನು ಕೇಳುತ್ತವೆ. ಈ ವ್ಯತ್ಯಾಸದ ಬೇರು ಶಿಕ್ಷಣದ ಇತಿಹಾಸದಲ್ಲಿಯೇ ಇದೆ.

ಸಮಾಜಕಾರ್ಯದ ತರಬೇತಿ ಕೆಲಸದ ಸ್ಥಳದಲ್ಲಿ ಹುಟ್ಟಿ ಆಮೇಲೆ ವಿಶ್ವವಿದ್ಯಾಲಯವನ್ನು ಸೇರಿದ ವಿದ್ಯೆ. ದಾನಸಂಸ್ಥೆಗಳ ಕಾರ್ಯಕರ್ತರಿಗೆ ತರಬೇತಿ ಶಾಲೆಯೊಂದು ಬೇಕೆಂದು ಅಮೆರಿಕದ ಸಮಾಜಕಾರ್ಯಕರ್ತೆ ಮೇರಿ ರಿಚ್ಮಂಡ್ 1897ರಲ್ಲಿ ಒತ್ತಾಯಿಸಿದರು. ಮರುವರ್ಷವೇ ನ್ಯೂಯಾರ್ಕಿನಲ್ಲಿ ಆರು ವಾರಗಳ ಬೇಸಿಗೆ ತರಬೇತಿ ಶಾಲೆ ಆರಂಭವಾಯಿತು. ಮೊದಲೇ ಬಡವರ ಮನೆಗಳಿಗೆ ಹೋಗಿ ಬರುತ್ತಿದ್ದವರನ್ನು ಕಣ್ಣ ಮುಂದಿಟ್ಟುಕೊಂಡು ರೂಪಿಸಿದ ತರಬೇತಿಗೆ ಅನುಭವವನ್ನು ಷರತ್ತಾಗಿ ಬರೆಯುವ ಅಗತ್ಯವಿರಲಿಲ್ಲ. ಪದವಿ ತರಗತಿಯಿಂದ ನೇರವಾಗಿ ಬರುವವರ ಸಂಖ್ಯೆ ಹೆಚ್ಚಿದ ಮೇಲೆ ಅದು ಪ್ರಶ್ನೆಯಾಯಿತು.

ಭಾರತ ಹಿಡಿದ ದಾರಿ ಬೇರೆ. ಮುಂಬಯಿಯ ನಾಗಪಾಡಾದಲ್ಲಿ ನೆರೆಹೊರೆ ಕೇಂದ್ರವೊಂದನ್ನು ನಡೆಸುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರೇ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆಯ ಮೊದಲ ನಿರ್ದೇಶಕರಾದರು. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಆಗ ನಮ್ಮಲ್ಲಿ ಸಂಬಳಕ್ಕೆ ಸಮಾಜಕಾರ್ಯ ಮಾಡಿಸುವ ಸಂಸ್ಥೆಗಳೇ ವಿರಳವಾಗಿದ್ದುದರಿಂದ, ಪದವೀಧರರು ಅನುಭವ ಪಡೆದು ಬರಲಿ ಎಂದು ಕಾಯುವುದು ಅಸಾಧ್ಯವಾಗಿತ್ತು. ಅನುಭವವನ್ನು ಪಠ್ಯಕ್ರಮದ ಒಳಗೇ ಕಟ್ಟಲಾಯಿತು. 1952ರಲ್ಲಿ ಮದ್ರಾಸಿನಲ್ಲಿ, 1955ರಲ್ಲಿ ಕಳಮಶ್ಶೇರಿಯ ರಾಜಗಿರಿಯಲ್ಲಿ, 1960ರಲ್ಲಿ ಮಂಗಳೂರಿನ ರೋಶನಿ ನಿಲಯದಲ್ಲಿ ಆರಂಭವಾದ ಶಾಲೆಗಳೂ ಇದೇ ಪರಂಪರೆಗೆ ಸೇರಿದವು. ಸಾಮಾನ್ಯವಾಗಿ ವಾರದಲ್ಲಿ ಎರಡು ದಿನ ಕ್ಷೇತ್ರಕಾರ್ಯ (ಜನರ ನಡುವೆ ಮಾರ್ಗದರ್ಶಕರ ಕೈಕೆಳಗೆ ಮಾಡುವ ಕೆಲಸ), ನಡುವೆ ಗ್ರಾಮೀಣ ಶಿಬಿರ, ಕೊನೆಗೆ ಸುಮಾರು ಒಂದು ತಿಂಗಳ ಪೂರ್ಣಾವಧಿ ತರಬೇತಿ: ಎಂಎಸ್‌ಡಬ್ಲ್ಯುವಿನ ಈ ಕ್ರಮ ಬಂದದ್ದು ಅಲ್ಲಿಂದಲೇ.

ಅಮೆರಿಕದ ಸಮಾಜಕಾರ್ಯ ಶಿಕ್ಷಣ ಮಂಡಳಿಯ ನಿಯಮವೊಂದು ಈ ಚರ್ಚೆಯಲ್ಲಿ ಬಹಳ ಮುಖ್ಯ. ಸ್ನಾತಕೋತ್ತರ ವಿದ್ಯಾರ್ಥಿ ಕನಿಷ್ಠ 900 ಗಂಟೆ ಕ್ಷೇತ್ರಕಾರ್ಯ ಮಾಡಲೇಬೇಕು. ಹಿಂದಿನ ಉದ್ಯೋಗಕ್ಕಾಗಲಿ ಜೀವನಾನುಭವಕ್ಕಾಗಲಿ ಪಠ್ಯಕ್ರಮದ ಕ್ರೆಡಿಟ್‌ಗಳನ್ನು ಕೊಡುವಂತಿಲ್ಲ. ಪ್ರವೇಶದಲ್ಲಿ ಅನುಭವವನ್ನು ತೂಗಬಹುದು, ತರಬೇತಿಯ ಬದಲಿಗೆ ಅದನ್ನು ಒಪ್ಪಲಾಗದು. ಇಂಗ್ಲೆಂಡಿನಲ್ಲೂ 2003ರಲ್ಲಿ ಸಮಾಜಕಾರ್ಯ ಪದವಿಮಟ್ಟದ ವೃತ್ತಿಯಾದಾಗ 200 ದಿನಗಳ ಕ್ಷೇತ್ರ ತರಬೇತಿಯನ್ನು ಕಡ್ಡಾಯ ಮಾಡಲಾಯಿತು. ಮುಂದೆ ಅದು 170ಕ್ಕೆ ಇಳಿಯಿತಾದರೂ, ಅನುಭವವಿದ್ದವರಿಗೂ ಇಲ್ಲದವರಿಗೂ ನಿಯಮ ಒಂದೇ ಆಗಿ ಉಳಿಯಿತು. ನನ್ನ ದೃಷ್ಟಿಯಲ್ಲಿ ಇದು ಸರಿಯಾದ ವಿವೇಚನೆ. ಹತ್ತು ವರ್ಷ ಒಂದು ಸಂಸ್ಥೆಯಲ್ಲಿ ದುಡಿದವರು ಒಳ್ಳೆಯ ಅಭ್ಯಾಸಗಳ ಜೊತೆಗೆ ತಪ್ಪು ಅಭ್ಯಾಸಗಳನ್ನೂ ಕಲಿತಿರಬಹುದು. ಅವನ್ನು ತಿದ್ದುವುದು ಅನುಭವಿ ಮಾರ್ಗದರ್ಶಕರ ಕಣ್ಣೆದುರು ಮಾಡುವ ಕೆಲಸ.

ಕಾಸರಗೋಡಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸಲಾಯಿತು. ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಅಂಗವೈಕಲ್ಯವುಳ್ಳ ಮಕ್ಕಳ ಮನೆಗಳಿಗೆ ಹೋಗಿ, ಪಿಂಚಣಿಯ ಅರ್ಜಿ ತುಂಬಿಸಿ, ವಿಶೇಷ ಮಕ್ಕಳ ಬಡ್ಸ್ ಶಾಲೆಗೆ ಸೇರಿಸಿದವರಲ್ಲಿ ಸ್ಥಳೀಯ ತರುಣ ತರುಣಿಯರು ಅನೇಕರು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿದ ಮೇಲೂ ಕಾಗದಪತ್ರಗಳ ಹಿಂದೆ ಓಡಾಡುವವರು ಬೇಕೇ ಇದ್ದರು. 2008ರಲ್ಲಿ ಕೇರಳ ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್) ನೀತಿಯನ್ನು ಅಂಗೀಕರಿಸಿದ ಮೇಲೆ ಹಾಸಿಗೆ ಹಿಡಿದ ರೋಗಿಗಳ ಮನೆಭೇಟಿ ಪಂಚಾಯತಿನ ಕೆಲಸವಾಯಿತು. ತುಳು, ಕನ್ನಡ, ಮಲಯಾಳ ಮೂರನ್ನೂ ಬಲ್ಲವರು ಇಲ್ಲಿ ಬರಿಯ ಸಹಾಯಕರಲ್ಲ. ಮಲಯಾಳದಲ್ಲಿ ಬಂದ ಆದೇಶವನ್ನು ಮನೆಯ ಹಿರಿಯರಿಗೆ ಅವರ ಮಾತಿನಲ್ಲಿ ತಿಳಿಸದಿದ್ದರೆ ಸವಲತ್ತೇ ಮನೆಗೆ ಮುಟ್ಟುವುದಿಲ್ಲ.

ಇಂಥವರಲ್ಲಿ ಹೆಚ್ಚಿನವರ ಬಳಿ ಸಂಬಳದ ಚೀಟಿಯಿಲ್ಲ, ಅನುಭವ ಪ್ರಮಾಣಪತ್ರವೂ ಇಲ್ಲ. ಪ್ರವೇಶಕ್ಕೆ ಅನುಭವವನ್ನು ಕಡ್ಡಾಯ ಮಾಡಿದರೆ ಮೊದಲು ಹೊರಗುಳಿಯುವವರು ಇವರೇ, ಜೊತೆಗೆ ಸಂಬಳವಿಲ್ಲದೆ ಒಂದು ವರ್ಷ ದುಡಿಯಲಾಗದ ಬಡ ಮನೆಯವರು. ಹಾಗೆಂದು ಅನುಭವಕ್ಕೆ ಬೆಲೆಯೇ ಇಲ್ಲದಿರುವುದೂ ಸರಿಯಲ್ಲ. ಹಲವು ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶ 2022ರಿಂದ ಸಿಯುಇಟಿ-ಪಿಜಿ ಪರೀಕ್ಷೆಯ ಮೂಲಕ ನಡೆಯುತ್ತಿದೆ. ಬಹು ಆಯ್ಕೆಯ ಪ್ರಶ್ನೆಗಳ ಅಂಕಪಟ್ಟಿಯಲ್ಲಿ ಮನೆಭೇಟಿಗೆ ಸ್ಥಾನವಿಲ್ಲ, ಮೂರು ಭಾಷೆ ಬಲ್ಲುದಕ್ಕೂ ಇಲ್ಲ.

ಅನುಭವವನ್ನು ಷರತ್ತಾಗಿ ಮಾಡದೆ, ಇದ್ದವರಿಗೆ ಅದರ ಲೆಕ್ಕ ಸಿಗುವಂತೆ ಮಾಡಬಹುದು. ಪಂಚಾಯತ್ ಅಧ್ಯಕ್ಷರ, ಉಪಶಾಮಕ ಆರೈಕೆಯ ದಾದಿಯ ಅಥವಾ ಬಡ್ಸ್ ಶಾಲೆಯ ಶಿಕ್ಷಕಿಯ ಪತ್ರವನ್ನು ದಾಖಲೆಯಾಗಿ ಸ್ವೀಕರಿಸಿ, ಪರೀಕ್ಷೆಯ ಅಂಕದ ಜೊತೆಗೆ ಸಂದರ್ಶನಕ್ಕೂ ಒಂದು ಪಾಲು ಕೊಟ್ಟು, ಆ ಸಂದರ್ಶನದಲ್ಲಿ ಅಭ್ಯರ್ಥಿ ತನ್ನ ಊರಿನ ಒಂದು ಮನೆಯ ಕಷ್ಟವನ್ನು ತನ್ನ ಭಾಷೆಯಲ್ಲಿ ವಿವರಿಸಲು ಅವಕಾಶ ಕೊಡಬೇಕು. ಗಡಿನಾಡಿನ ಕನ್ನಡ ಬಲ್ಲ ಒಬ್ಬ ಅಧ್ಯಾಪಕರನ್ನು ಸಂದರ್ಶನ ಸಮಿತಿಯಲ್ಲಿ ಕೂರಿಸುವುದು ಕಾಸರಗೋಡು, ಮಂಗಳೂರುಗಳಲ್ಲಿ ಕಷ್ಟದ ಮಾತಲ್ಲ.